ನಮ್ಮ ಭಾವನಿಗೆ ಅರ್ಥವಾಗುವವರೆಗೆ

ಸರ್ಕಾರದ ನೀತಿಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಈ ಊರಿನಲ್ಲಿ ಅವನ್ನು ಪೂರ್ತಿ ಓದಿದವನು ನಾನೊಬ್ಬನೇ ಇರಬೇಕು, ಯಾಕೆಂದರೆ ಶಿಕ್ಷಣ ಕಚೇರಿಯಲ್ಲಿ ಅವನ್ನು ಟೈಪು ಮಾಡುವ ಗುಮಾಸ್ತ ನಾನೇ. ಒಳ್ಳೆಯ ಶಿಕ್ಷಕರನ್ನು ಆರಿಸುವುದು ಹೇಗೆ, ಆರಿಸಿದವರನ್ನು ತಯಾರು ಮಾಡುವುದು ಹೇಗೆ, ತಯಾರಾದವರು ಓಡಿಹೋಗದಂತೆ ಉಳಿಸಿಕೊಳ್ಳುವುದು ಹೇಗೆ ಎಂದು ನಾನು ಟೈಪು ಮಾಡಿದ ಪುಟಗಳನ್ನು ಒಂದರ ಮೇಲೊಂದು ಪೇರಿಸಿದರೆ ಕಿಟಕಿ ಮುಚ್ಚಿಹೋಗುತ್ತದೆ. ಮುಚ್ಚಿಯೂ ಹೋಗಿತ್ತು. ನಾವು ಹಾಡುಹಗಲಲ್ಲಿ ದೀಪ ಹಾಕಿಕೊಂಡು ಕೂತು ಶಿಕ್ಷಣದ ಬೆಳಕಿನ ಬಗ್ಗೆ ಬರೆಯುತ್ತಿದ್ದೆವು.

ಇಷ್ಟೆಲ್ಲ ನೀತಿ ಇದ್ದೂ ಒಳ್ಳೆಯ ಟೀಚರುಗಳು ಬರುತ್ತಿರಲಿಲ್ಲ, ಬಂದವರು ನಿಲ್ಲುತ್ತಿರಲಿಲ್ಲ. ಹೀಗಿರುವಾಗ ಹೊಸ ನಿರ್ದೇಶಕಿ ಬಂದರು. ಬಂದವರೇ ಮೊದಲು ಕಿಟಕಿ ತೆಗೆಸಿದರು. ಆಮೇಲೆ ನನ್ನನ್ನು ಕರೆದು ನಿಂತ ನಿಲುವಿನಲ್ಲೇ ಹೊಸ ನೀತಿಯನ್ನು ಹೇಳಿ ಬರೆಸಿದರು. ಒಂದೇ ಒಂದು ಪುಟ! ಕೆಲಸ ಕೇಳಿಕೊಂಡು ಬಂದವರು ಬರೀ ಬಾಯಿಮಾತು ಬಿಟ್ಟು ನಮ್ಮೆದುರು ಪಾಠ ಮಾಡಿ ತೋರಿಸಬೇಕು. ಹೊಸಬರು ಒಂದು ವರ್ಷ ಒಳ್ಳೆಯ ಟೀಚರೊಬ್ಬರ ಪಕ್ಕದಲ್ಲಿದ್ದು ಕೆಲಸ ಕಲಿಯಬೇಕು. ಒಳ್ಳೆಯ ಟೀಚರು ಬಿಟ್ಟುಹೋಗುತ್ತೇನೆ ಅಂದರೆ, ಯಾಕೆ ಅಂತ ಅವರನ್ನೇ ಕೇಳಿ ಮೊದಲು ಅದನ್ನು ಸರಿಮಾಡಬೇಕು.

"ಅಷ್ಟೇನಾ ಮೇಡಂ?" ಅಂದೆ.

"ಅಷ್ಟೇ. ಯಾಕೆ, ಕಮ್ಮಿ ಆಯ್ತಾ?"

"ಪೀಠಿಕೆ ಇಲ್ಲ ಮೇಡಂ. ಉಪಸಂಹಾರಾನೂ ಇಲ್ಲ."

"ಟೀಚರ್‌ಗಳೂ ಇಲ್ಲ. ಮೊದಲು ಅವರು ಬರ್ಲಿ, ಉಪಸಂಹಾರ ಆಮೇಲೆ ನೋಡೋಣ."

ನನಗೆ ಬೇಜಾರಾಯಿತು. ನೀತಿ ಎಂದರೆ ಎತ್ತಿದವನ ಕೈ ಸ್ವಲ್ಪವಾದರೂ ನೋಯಬೇಡವೇ?

ಹೊಸ ನೀತಿಯ ಮೊದಲ ಪ್ರಯೋಗ ನಮ್ಮ ಬೀದಿಯ ಶಾಲೆಯ ಗಣಿತದ ಹುದ್ದೆಗೇ ಬಂತು. ಇರುವುದೊಂದೇ ಹುದ್ದೆ. ಅಲ್ಲಿ ಹಂಗಾಮಿ ಟೀಚರ್ ಒಬ್ಬರಿದ್ದರು. ರಜೆ ಬಂದಾಗಲೆಲ್ಲ ಇಲಾಖೆ ಅವರನ್ನು ತೆಗೆದುಹಾಕುತ್ತಿತ್ತು, ಶಾಲೆ ತೆರೆದಾಗ ಮತ್ತೆ ಕರೆಯುತ್ತಿತ್ತು. ನನ್ನ ಅಕ್ಕನ ಮಗಳು ಅವರ ಕ್ಲಾಸಿನವಳು. ಮೊದಲೆಲ್ಲ ಗಣಿತದ ದಿನ ತಪ್ಪದೆ ಹೊಟ್ಟೆನೋವು ತರಿಸಿಕೊಳ್ಳುತ್ತಿದ್ದ ಆ ಹುಡುಗಿ ಈಗ ಭಾನುವಾರವೂ ಶಾಲೆ ಇದ್ದಿದ್ದರೆ ಚೆನ್ನಾಗಿತ್ತು ಅನ್ನುತ್ತಿದ್ದಳು. ಈ ಸಲ ಟೀಚರ್ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: "ಇದು ಕೊನೇ ಸಲ. ಕೆಲಸ ಕಾಯಂ ಆಗ್ಲಿಲ್ಲ ಅಂದ್ರೆ ಚಪ್ಪಲಿ ಅಂಗಡಿಲಿ ಕ್ಯಾಶ್ ಕೌಂಟರ್‌ಗೆ ಸೇರ್ಕೋತೀನಿ. ಅಲ್ಲಿ ರಜೆ ಬಂದ್ರೂ ಕೆಲಸ ಹೋಗಲ್ಲ." ಪಾಠದ ಪರೀಕ್ಷೆ ನಡೆಯುವ ದಿನವೇ ಸಂಜೆಯೊಳಗೆ ಬರುತ್ತೀರೋ ಇಲ್ಲವೋ ತಿಳಿಸಿ ಎಂದು ಅಂಗಡಿಯವರೂ ಹೇಳಿದ್ದರು. ಬೀದಿಯ ಮಕ್ಕಳೆಲ್ಲ ಮುಖ ಸಣ್ಣದು ಮಾಡಿಕೊಂಡು ತಿರುಗುತ್ತಿದ್ದವು.

ಇನ್ನು ನಮ್ಮ ಭಾವ. ಭಾವ ಎಂದರೆ ಅಕ್ಕನ ಗಂಡ, ನಾನಿರುವುದು ಅವರ ಮನೆಯಲ್ಲೇ. ನಮ್ಮ ಕಚೇರಿಯಲ್ಲೇ ಸ್ಟೋರ್ ಕೀಪರು. ಸೀಮೆಸುಣ್ಣ, ಡಸ್ಟರು, ಸುರುಳಿ ಸುತ್ತಿದ ನಕ್ಷೆಗಳು ಇವರ ರಾಜ್ಯ. ನಕ್ಷೆ ಕಟ್ಟುವ ದಾರದ ಉಂಡೆಯೊಂದು ಸದಾ ಅಂಗಿಯ ಜೇಬಿನಲ್ಲಿದ್ದು, ಅದರ ತುದಿ ಹೊರಗೆ ಇಣುಕುತ್ತಿರುತ್ತದೆ. ಅಕ್ಕ ಒಂದೆರಡು ಸಲ ಆ ದಾರ ಸಮೇತ ಅಂಗಿ ಒಗೆದು, ಬಿಡಿಸಲು ಇಡೀ ಮನೆಗೆ ಕೆಲಸ ಕೊಟ್ಟಿದ್ದಾಳೆ. ಭಾವನಷ್ಟು ಒಳ್ಳೆಯ ಮನುಷ್ಯ ಸಿಗುವುದು ಕಷ್ಟ. ಅವರಷ್ಟು ಗೊಂದಲದ ಮನುಷ್ಯ ಸಿಗುವುದಂತೂ ಇನ್ನೂ ಕಷ್ಟ.

ಪಾಠದ ಪರೀಕ್ಷೆಗೆ ಮಕ್ಕಳು ಬೇಕಲ್ಲ? ಶಾಲೆಗೆ ರಜೆ. ಮೇಡಂ ಕಚೇರಿಯವರನ್ನೆಲ್ಲ ದೊಡ್ಡ ಹಾಲ್‌ನಲ್ಲಿ ಸೇರಿಸಿ ಕೇಳಿದರು:

"ಆರನ್ನ ಅರ್ಧದಿಂದ ಭಾಗಿಸಿದ್ರೆ ಹನ್ನೆರಡು ಬರುತ್ತೆ. ಯಾಕೆ ಬರುತ್ತೆ ಅಂತ ಗೊತ್ತಿಲ್ಲದವರು ಇಲ್ಲಿ ಯಾರಿದೀರಿ?"

ಶಿಕ್ಷಣ ಕಚೇರಿ ಸ್ವಾಮಿ! ಗೊತ್ತಿಲ್ಲ ಅಂತ ಯಾರಾದರೂ ಹೇಳುತ್ತಾರೆಯೇ? ಸೂಪರಿಂಟೆಂಡೆಂಟರು ಚಾವಣಿ ನೋಡಿದರು. ಲೆಕ್ಕಪತ್ರ ವಿಭಾಗದವರು, ಇಂಥ ಸಣ್ಣ ಪ್ರಶ್ನೆಗೆಲ್ಲ ನಾವು ಉತ್ತರಿಸುವುದಿಲ್ಲ ಎಂಬಂತೆ ಕೆಮ್ಮಿದರು. ನಾನು ಪೆನ್ನಿನ ಮುಚ್ಚಳ ಹುಡುಕತೊಡಗಿದೆ. ಆಗ ಸ್ಟೋರಿನ ಬಾಗಿಲ ಕಡೆಯಿಂದ ಒಂದು ದನಿ ಬಂತು.

"ಮೂರಲ್ವಾ ಮೇಡಂ?"

ಎಲ್ಲರೂ ತಿರುಗಿ ನೋಡಿದರು. ಭಾವ ನಕ್ಷೆಯೊಂದನ್ನು ಮಗುವಿನಂತೆ ಎತ್ತಿಕೊಂಡು ನಿಂತಿದ್ದರು.

"ಹನ್ನೆರಡು" ಅಂದರು ಮೇಡಂ.

"ಅದು ಹೇಗೆ ಮೇಡಂ? ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕು. ಹಂಚಿದ್ರೆ ಯಾರ ಮನೇಲಾದ್ರೂ ಹೆಚ್ಚಾಗುತ್ತಾ?"

ಹಾಲ್‌ನಲ್ಲಿ ಕಿಸಕ್ಕನೆ ನಗು ಎದ್ದಿತು. ಮೇಡಂ ನಗಲಿಲ್ಲ. ನಿಧಿ ಸಿಕ್ಕವರ ಹಾಗೆ ಭಾವನನ್ನು ನೋಡುತ್ತ, "ನೀವೇ ನಮ್ಮ ವಿದ್ಯಾರ್ಥಿ" ಅಂದರು. "ಒಬ್ಬೊಬ್ಬರೂ ಬಂದು ನಿಮಗೆ ಪಾಠ ಮಾಡ್ತಾರೆ. ನಿಮಗೆ ಅರ್ಥ ಆದ್ರೆ ನೀವು ಹೊರಗೆ ಹೋಗಿ, ಅಲ್ಲಿ ಯಾರು ಸಿಕ್ತಾರೋ ಅವರಿಗೆ ಅದನ್ನ ನಿಮ್ಮ ಮಾತಲ್ಲಿ ಹೇಳಿಕೊಡ್ಬೇಕು. ಅವರಿಗೂ ಅರ್ಥ ಆದ್ರೆ ಆ ಟೀಚರ್ ಪಾಸು."

ಒಬ್ಬ ಮನುಷ್ಯ ತನ್ನ ಅಜ್ಞಾನಕ್ಕಾಗಿ ಸರ್ಕಾರದಿಂದ ನಿಯೋಜಿತನಾದದ್ದು ನಾನು ಕಂಡ ಹಾಗೆ ಇದೇ ಮೊದಲು. ಆದೇಶ ಟೈಪು ಮಾಡಿದವನೂ ನಾನೇ. 'ಶಿಕ್ಷಕರ ಆಯ್ಕೆ ಸಮಿತಿಯ ಕಾರ್ಯಕ್ಕೆ ನಿಯೋಜಿಸಲಾಗಿದೆ' ಎಂದು ಗೌರವವಾಗಿಯೇ ಹೊಡೆದುಕೊಟ್ಟೆ. ಎಷ್ಟಾದರೂ ಅಕ್ಕನ ಗಂಡ.

ಆ ಸಂಜೆ ಮನೆಯಲ್ಲಿ ಚಹಾ ಕುಡಿಯುತ್ತ ಭಾವ, "ಲೇ, ನನ್ನನ್ನ ಟೀಚರ್ ಆಯ್ಕೆ ಸಮಿತಿಗೆ ಹಾಕಿದಾರೆ ಕಣೇ" ಅಂದರು. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅಕ್ಕ ಕಣ್ಣರಳಿಸಿ, "ನಿಮ್ಮನ್ನಾ? ಆಯ್ಕೆ ಮಾಡೋಕಾ?" ಅಂದಳು. ಆಗಲೇ ಭಾವ "ಅಯ್ಯೋ ಇಲ್ವೇ, ಬೆಂಚಿನ ಮೇಲೆ ಕೂರೋಕೆ" ಅಂದುಬಿಟ್ಟಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮದುವೆಯಾದಾಗಿನಿಂದ ಅಕ್ಕ ಅಷ್ಟು ಕಣ್ಣರಳಿಸಿ ಅವರನ್ನು ನೋಡಿರಲಿಲ್ಲ. ಭಾವ ಕಪ್ಪು ಕೆಳಗಿಟ್ಟು ಗಂಭೀರವಾಗಿ, "ನನಗೆ ಅರ್ಥ ಆದವರಿಗೇ ಕೆಲಸ" ಅಂದರು.

ಸಾಕಲ್ಲ! ಅಕ್ಕ ನಲ್ಲಿಯ ಹತ್ತಿರ ಹೋಗಿ ಬರುವಷ್ಟರಲ್ಲಿ ವಿಷಯ ಬೀದಿಯ ಕೊನೆ ಮುಟ್ಟಿತ್ತು. ಮರುದಿನ ಕ್ಷೌರದಂಗಡಿಯವನು ಭಾವನನ್ನು ಸರದಿ ತಪ್ಪಿಸಿ ಕೂರಿಸಿದ, ಬೇಡವೆಂದರೂ ತಲೆಗೆ ಎಣ್ಣೆ ತಟ್ಟಿದ. ಲಾರಿ ಓಡಿಸುವ ಮಗನನ್ನು ಮೇಷ್ಟರು ಮಾಡಿಸಬೇಕೆಂದು ಚಿಕ್ಕಮ್ಮ ಬಂದು ಇಳಿದಳು. "ಅವನಿಗೆ ಲೆಕ್ಕ ಬರುತ್ತಾ ಚಿಕ್ಕಮ್ಮ?" ಅಂತ ಕೇಳಿದೆ. "ಬರೋದೇನು, ಬಂದೋರ ಹತ್ರ ಕೇಳ್ಕೋತಾನೆ ಬಿಡು" ಅಂದಳು.

ಆದರೆ ಇವರೆಲ್ಲರನ್ನೂ ಮೀರಿಸಿದವರು ನಮ್ಮ ಮನೆಯ ಮಾಲೀಕರು. ಸಾಲಾಗಿ ಆರು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟ ಮನುಷ್ಯ. ಬಚ್ಚಲಿನ ಮೇಲೆ ನೀರು ಸೋರುತ್ತದೆ ಎಂದು ಹೇಳಲು ಹೋದಾಗಲೆಲ್ಲ, "ನೀರು ಮೇಲಿಂದ ಕೆಳಕ್ಕೇ ಬರ್ಬೇಕಲ್ರೀ, ಇನ್ನೇನು ಕೆಳಗಿಂದ ಮೇಲಕ್ಕೆ ಹೋಗುತ್ತಾ?" ಎಂದು ಕಳಿಸುತ್ತಿದ್ದರು. ಭಾವನನ್ನು "ಏನ್ರೀ ಸ್ಟೋರು" ಎಂದೇ ಕರೆಯುತ್ತಿದ್ದರು. ಅವರ ಮಗ ಗಣಿತದಲ್ಲಿ ಚಿನ್ನದ ಪದಕ ಪಡೆದವನು, ಮೆತ್ತಗಿನ ಹುಡುಗ. ಅವನೂ ಇದೇ ಹುದ್ದೆಗೆ ಅರ್ಜಿ ಹಾಕಿದ್ದ.

ಆ ವಾರ ಮಾಲೀಕರು ಮಗನನ್ನು ಕರೆದುಕೊಂಡು ನಮ್ಮ ಮನೆಗೇ ಬಂದರು. "ಸಾರ್, ಇದೀರಾ?" ಅಂದರು. ಭಾವ ಯಾರನ್ನು ಕರೆಯುತ್ತಿದ್ದಾರೋ ಎಂದು ಹಿಂದೆ ತಿರುಗಿ ನೋಡಿದರು.

"ಶಿಫಾರಸು ಗಿಫಾರಸು ನಾವು ಕೇಳೋರಲ್ಲ ಸಾರ್. ಹುಡುಗ ನಿಮ್ಮೆದುರು ಒಂದ್ಸಲ ಪಾಠ ಮಾಡಿ ನೋಡ್ಲಿ. ಏನು ಕೊರತೆ ಇದೆ ಹೇಳಿ, ತುಂಬಿಸೋಣ."

ಹುಡುಗ ಬಣ್ಣಬಣ್ಣದ ಕಾರ್ಡುಗಳನ್ನು ಗೋಡೆಗೆ ಅಂಟಿಸಿ, ಸ್ಫುಟವಾದ ದನಿಯಲ್ಲಿ ಪಾಠ ಮಾಡಿದ. ಭಿನ್ನರಾಶಿಯಿಂದ ಭಾಗಿಸಬೇಕಾದರೆ ಅದನ್ನು ತಿರುಗಿಸಿ ಗುಣಿಸಬೇಕು, ಅಷ್ಟೇ.

ಭಾವ ಬಗ್ಗಿ ಕಾರ್ಡು ನೋಡಿ, "ಯಾಕಪ್ಪ ತಿರುಗಿಸ್ಬೇಕು?" ಅಂದರು.

"ಅದು ನಿಯಮ ಸಾರ್."

"ನಿಯಮ ಸರಿಯಪ್ಪ. ಅದರ ಪಾಡಿಗೆ ಅದು ನಿಂತಿತ್ತಲ್ಲ, ಯಾಕೆ ತಲೆಕೆಳಗು ಮಾಡಿದೆ?"

ಹುಡುಗ ಮತ್ತೆ ಮೊದಲಿನಿಂದ ಹೇಳಿದ. ಭಾವ ತುಂಬ ನೊಂದುಕೊಂಡು, "ನನಗೆ ಅರ್ಥ ಆಗ್ಲಿಲ್ಲಪ್ಪ" ಅಂದರು.

ಮಾಲೀಕರು ನನ್ನನ್ನು ಮೂಲೆಗೆ ಎಳೆದುಕೊಂಡು ಹೋದರು. "ನಿಮ್ಮ ಭಾವ ಏನು ಎದುರುನೋಡ್ತಿದಾರೆ?"

"ಅವರಿಗೆ ಅರ್ಥ ಆಗ್ಬೇಕು, ಅಷ್ಟೇ."

"ಗೊತ್ತಾಯ್ತು ಬಿಡಿ" ಎಂದು ಮಾಲೀಕರು ಕಣ್ಣು ಮಿಟುಕಿಸಿದರು. "ನಾವೂ ಪ್ರಪಂಚ ನೋಡಿದೀವಿ."

ಮರುದಿನ ಬೆಳಿಗ್ಗೆ ಗಾರೆಯವನು ಬಂದು ನಮ್ಮ ಬಚ್ಚಲಿನ ಚಾವಣಿ ಸರಿಮಾಡಿದ. ಭಾವ ಬೆರಗಾದರು. "ಪಾಪ, ಮನುಷ್ಯ ಎಷ್ಟು ಒಳ್ಳೆಯವರು ನೋಡೇ! ನಾವೇ ತಪ್ಪು ತಿಳಿದುಕೊಂಡಿದ್ವಿ" ಅಂದರು. ಸಂಜೆ ಮತ್ತೆ ಪಾಠ. ಮತ್ತೆ ಅರ್ಥವಾಗಲಿಲ್ಲ. ಮರುದಿನ ನಡುಮನೆಗೆ ಫ್ಯಾನು ಬಂತು. ಆಮೇಲೆ ಗೋಡೆಗೆ ಸುಣ್ಣ. ಮಾಲೀಕರು ಬಡಕಲಾಗುತ್ತ ಬಂದರು. ಮನೆ ಹೊಳೆಯುತ್ತ ಬಂತು.

ಭಾವನಿಗೆ ಗೊತ್ತಾಗದ್ದು ಅಕ್ಕನಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಸಂಜೆ ಅವಳು ಗಂಡನ ಕಿವಿಯ ಹತ್ತಿರ ಬಂದು, "ರೀ, ಇವತ್ತು ಅರ್ಥ ಆಗಿಹೋಗ್ಬಿಟ್ಟೀತು, ಜೋಕೆ! ಅಡುಗೆಮನೆ ಕಿಟಕಿ ಇನ್ನೂ ಬಾಕಿ ಇದೆ" ಅಂದಳು.

"ಏನೇ ಹಾಗಂದ್ರೆ?"

"ಏನೂ ಇಲ್ಲ. ಕೆಲಸ ಮಾತ್ರ ನಮ್ಮ ಹುಡುಗಿಯ ಟೀಚರ್‌ಗೇ ಕೊಡಿ. ಅವರು ಹೋದ್ರೆ ಇವಳು ಶಾಲೆ ಕಡೆ ತಲೆ ಹಾಕಲ್ಲ. ಕೊಡೋದು ಕೊಡಿ, ಕಿಟಕಿ ಆದ್ಮೇಲೆ ಕೊಡಿ."

ಅಕ್ಕ ಏನಾದರೂ ಮಂತ್ರಿಯಾಗಿದ್ದಿದ್ದರೆ ಈ ರಾಜ್ಯ ಎಲ್ಲಿಗೋ ಹೋಗುತ್ತಿತ್ತು.

ಈ ಗದ್ದಲದಲ್ಲಿ ನಮ್ಮ ಮನೆಯ ಕಡೆ ಸುಳಿಯದವರು ಒಬ್ಬರೇ, ಆ ಹಂಗಾಮಿ ಟೀಚರ್. ಭಾವ ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ಹೋಗುತ್ತಿದ್ದರು. "ನಾನೇನು ಮಾಡ್ದೆ ಅಂತ ಅವರಿಗೆ ಕೋಪ?" ಎಂದು ಭಾವ ಕೊರಗಿದರು. ಕೋಪವಲ್ಲ ಸ್ವಾಮಿ. ಆಯ್ಕೆ ಸಮಿತಿಯವರನ್ನು ಪರೀಕ್ಷೆಗೆ ಮೊದಲು ಮಾತಾಡಿಸುವುದು ಸರಿಯಲ್ಲ ಎಂದು ಆಕೆ ಅಂದುಕೊಂಡಿದ್ದರು. ಇಡೀ ಬೀದಿಯಲ್ಲಿ ಹಾಗೆ ಅಂದುಕೊಂಡವರು ಅವರೊಬ್ಬರೇ. ಅದು ತಿಳಿದ ದಿನ ನನಗೆ ಆಕೆಯ ಮೇಲೆ ಬಹಳ ಗೌರವ ಬಂತು. ನಾನು ಅಷ್ಟು ಸುಲಭವಾಗಿ ಗೌರವ ಕೊಡುವವನಲ್ಲ.

ಪರೀಕ್ಷೆಯ ದಿನ ಬಂತು. ಶಾಲೆಯ ಒಂದು ಕೋಣೆ. ಮಕ್ಕಳ ಬೆಂಚಿನ ಮೇಲೆ ಭಾವ ಕೂತರು. ಅಂದರೆ ಮೇಲಿನ ಅರ್ಧ ಕೂತಿತು, ಮಂಡಿಗಳು ಡೆಸ್ಕಿನ ಕೆಳಗೆ ಸಿಕ್ಕಿಕೊಂಡವು. ಎದುರಿಗೆ ಸಮಿತಿ: ಮೇಡಂ ಮತ್ತು ಒಬ್ಬ ನಿವೃತ್ತ ಹೆಡ್‌ಮಾಸ್ತರು. ಹೆಡ್‌ಮಾಸ್ತರ ಕೈಯಲ್ಲಿ ಒಂದು ಕೈಗಂಟೆ. ಅವಧಿ ಮುಗಿದರೆ ಬಾರಿಸುವುದು ಅವರ ಕೆಲಸ, ಅದನ್ನು ಅವರು ಬದುಕಿನ ಕೊನೆಯ ಅಧಿಕಾರ ಎಂಬಂತೆ ಹಿಡಿದುಕೊಂಡಿದ್ದರು. ನಾನು ಬರೆದುಕೊಳ್ಳಲು ಮೂಲೆಯಲ್ಲಿದ್ದೆ. ಅಭ್ಯರ್ಥಿಗಳು ಹಿಂದಿನ ಸಾಲಿನಲ್ಲಿ ಕೂತು ಒಬ್ಬರ ಪಾಠ ಒಬ್ಬರು ನೋಡಬಹುದಿತ್ತು. ಮುಚ್ಚುಮರೆ ಏನೂ ಇರಬಾರದೆಂದು ಮೇಡಂ ಹೇಳಿದ್ದರು.

ಶುರುವಿಗೇ ಭಾವ ಎದ್ದು ನಿಲ್ಲಲು ನೋಡಿ, ಆಗದೆ, ಕೂತಲ್ಲಿಂದಲೇ, "ಮೇಡಂ, ಒಂದು ಮಾತು. ಇವರು ನನ್ನ ಮಗಳ ಟೀಚರ್. ಇವನು ನಮ್ಮ ಮನೆ ಮಾಲೀಕರ ಮಗ. ಆಮೇಲೆ ಯಾರೂ ಏನೂ ಅನ್ಬಾರ್ದು" ಅಂದರು.

"ಚಿಂತೆ ಬೇಡ" ಅಂದರು ಮೇಡಂ. "ನಿಮ್ಮ ತಲೆ ಯಾರ ಮುಲಾಜಿಗೂ ಬಗ್ಗೋದಲ್ಲ ಅಂತ ನನಗೆ ನಂಬಿಕೆ ಇದೆ."

ಭಾವ ಅದನ್ನು ಹೊಗಳಿಕೆ ಎಂದು ಭಾವಿಸಿ ಕೈಮುಗಿದರು.

ಮೊದಲಿನವರು ಭಿನ್ನರಾಶಿಯನ್ನು ಹಾಡಾಗಿ ಹಾಡಿದರು. ಹಾಡು ಚೆನ್ನಾಗಿತ್ತು, ಭಾವ ತಾಳ ಹಾಕಿದರು, ಕೊನೆಗೆ "ಮೂರೇ ಅಲ್ವಾ?" ಅಂದರು. ಎರಡನೆಯವರು ಪ್ರತಿ ವಾಕ್ಯಕ್ಕೂ "ತಿಳಿಯಿತೇ?" ಎಂದು ಗದರಿದರು. ಭಾವ ಹೆದರಿ, ಬರುತ್ತಿದ್ದದ್ದನ್ನೂ ಮರೆತರು. ಮತ್ತೊಬ್ಬರು ಭಾವನಿಗೆ ಬೆನ್ನು ಹಾಕಿ ಬೋರ್ಡಿನ ಜೊತೆಯಲ್ಲೇ ಮಾತಾಡಿ ಮುಗಿಸಿದರು. ಬೋರ್ಡಿಗೆ ಅರ್ಥವಾಗಿರಬೇಕು.

ಚಹಾದ ಬಿಡುವಿನಲ್ಲಿ ನೋಡಿದರೆ ಭಾವನ ಕಣ್ಣಲ್ಲಿ ನೀರು. "ಅಲ್ಲ ಕಣೋ, ನನ್ನ ದಡ್ಡತನಕ್ಕೆ ಇಷ್ಟು ಜನರ ಕೆಲಸ ಹೋಗ್ಬೇಕಾ? ಮನೆ ಮಠ ಇರೋರು. ನೀನು ಉತ್ತರ ಹೇಳ್ಬಿಡು, ಬಾಯಿಪಾಠ ಮಾಡ್ಕೋತೀನಿ."

"ಹನ್ನೆರಡು ಭಾವ. ಮೇಡಂ ಮೊದಲ ದಿನವೇ ಹೇಳಿದ್ರಲ್ಲ."

"ಹನ್ನೆರಡು, ಹನ್ನೆರಡು" ಎಂದು ಜಪಿಸುತ್ತ ಒಳಗೆ ಹೋದರು.

ಮಾಲೀಕರ ಮಗನ ಸರದಿ. ಹುಡುಗ ಪ್ರೊಜೆಕ್ಟರು ತಂದಿದ್ದ. ಸಂಖ್ಯೆಗಳು ಗೋಡೆಯ ಮೇಲೆ ಗಿರಗಿರನೆ ತಿರುಗಿ ತಲೆಕೆಳಗಾಗಿ ನಿಂತವು. ಭಾವ ಶುರುವಿನಿಂದ ಕೊನೆಯವರೆಗೂ ತಲೆಯಾಡಿಸಿದರು. ಬಚ್ಚಲಿನ ಚಾವಣಿ ನೆನಪಾದಾಗಲೆಲ್ಲ ಇನ್ನಷ್ಟು ಜೋರಾಗಿ ಆಡಿಸಿದರು.

"ಅರ್ಥ ಆಯ್ತಾ?" ಮೇಡಂ ಕೇಳಿದರು.

"ಬಹಳ ಚೆನ್ನಾಗಿ ಆಯ್ತು ಮೇಡಂ. ಹನ್ನೆರಡು!"

"ಸರಿ. ಎಂಟನ್ನ ಕಾಲಿನಿಂದ ಭಾಗಿಸಿದ್ರೆ?"

ಭಾವ ಒಂದು ಕ್ಷಣ ನನ್ನನ್ನು ನೋಡಿದರು. ನಾನು ಮುಖ ತಿರುಗಿಸಿದೆ.

"ಅದೂ ಹನ್ನೆರಡೇ ಮೇಡಂ."

"ಯಾಕೆ?"

"ತಿರುಗಿಸಿದ್ದಕ್ಕೆ."

ಹೆಡ್‌ಮಾಸ್ತರು ತಲೆ ಚಚ್ಚಿಕೊಂಡರು. ಮೇಡಂ ಎದ್ದು ಬಂದು ಭಾವನ ಎದುರಿನ ಬೆಂಚಿನ ಮೇಲೆ ಕೂತರು. "ನೋಡಿ, ಇಲ್ಲಿ ನಿಮಗಿರೋ ಕೆಲಸ ಒಂದೇ. ಅರ್ಥ ಆಗೋವರೆಗೂ ಆಯ್ತು ಅನ್ಬಾರ್ದು. ಮಕ್ಕಳೂ ನಿಮ್ಮ ಹಾಗೇ, ಹೆದರಿಕೊಂಡೋ ಪಾಪ ಅಂತಾನೋ ತಲೆ ಆಡಿಸ್ತಾರೆ. ನಾವು ಅದನ್ನೇ ನಂಬ್ಕೊಂಡು ಇಷ್ಟು ವರ್ಷ ಕಳೆದ್ವಿ. ನೀವು ಒಬ್ಬರಾದ್ರೂ ಸುಳ್ಳು ಹೇಳ್ಬೇಡಿ."

"ಇಲ್ಲ ಮೇಡಂ" ಎಂದರು ಭಾವ, ನಿಜವಾದ ಹುಡುಗನ ಹಾಗೆ ತಲೆತಗ್ಗಿಸಿ. ನಾನು ಆ ಒಂದು ಪುಟದ ನೀತಿಯನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಓದಿಕೊಂಡೆ. ಪೀಠಿಕೆ ಇಲ್ಲದಿದ್ದರೂ ಪರವಾಗಿಲ್ಲ ಅನ್ನಿಸಿತು.

ಕೊನೆಯದಾಗಿ ನಮ್ಮ ಟೀಚರ್. ಪ್ರೊಜೆಕ್ಟರ್ ಇಲ್ಲ, ಕಾರ್ಡಿಲ್ಲ. ಫೋನನ್ನು ಸಮಿತಿಯ ಮೇಜಿನ ಮೇಲಿಟ್ಟು ನೇರ ಭಾವನ ಬಳಿ ಬಂದು, "ನಿಮಗೆ ಏನು ಅನ್ಸುತ್ತೆ? ನೀವು ಹೇಳಿ, ಆಮೇಲೆ ನಾನು" ಅಂದರು.

ಇಷ್ಟು ಹೊತ್ತಿನಲ್ಲಿ ಯಾರೂ ಭಾವನನ್ನು ಹಾಗೆ ಕೇಳಿರಲಿಲ್ಲ. ಅವರು ಅನುಮಾನಿಸುತ್ತ, "ಬೈಬೇಡಿ ಟೀಚರ್. ಹಂಚಿದ್ರೆ ಹೆಚ್ಚಾಗೋದು ಹೇಗೆ ಅಂತ ನನಗೆ ಚಿಕ್ಕಂದಿನಿಂದ ಇರೋ ಸಂಕಟ. ಆಗ ಕೇಳಿದ್ದಕ್ಕೆ ನಮ್ಮ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ರು" ಅಂದರು.

"ನಿಮ್ಮ ಪ್ರಶ್ನೆ ಸರಿಯಾಗಿದೆ" ಅಂದರು ಟೀಚರ್.

"ಆಂ?"

"ಹಂಚಿದ್ರೆ ಹೆಚ್ಚಾಗಲ್ಲ. ನೀವು ಹೇಳಿದ್ದೇ ಸರಿ. ನಿಮ್ಮ ಜೇಬಿಂದ ಅದೇನು ನೇತಾಡ್ತಿದೆ?"

"ದಾರ. ನಕ್ಷೆ ಕಟ್ಟೋದು."

"ತೆಗೀರಿ. ಆರು ಮೀಟರ್ ಇದೆ ಅಂತ ಇಟ್ಕೊಳ್ಳಿ. ಒಂದು ನಕ್ಷೆ ಕಟ್ಟೋಕೆ ಎರಡು ಮೀಟರ್ ಬೇಕು ಅಂದ್ರೆ ಎಷ್ಟು ನಕ್ಷೆ ಕಟ್ತೀರಿ?"

"ಮೂರು."

"ಈ ಲೆಕ್ಕಕ್ಕೆ ಏನಂತಾರೆ?"

"ಆರನ್ನ ಎರಡರಿಂದ ಭಾಗ."

"ಚಿಕ್ಕ ನಕ್ಷೆ, ಒಂದೊಂದೇ ಮೀಟರ್ ಸಾಕು ಅಂದ್ರೆ?"

"ಆರು ನಕ್ಷೆ."

"ಇನ್ನೂ ಚಿಕ್ಕದು. ಅರ್ಧ ಮೀಟರ್ ಸಾಕು."

ಭಾವ ದಾರವನ್ನು ಕೈಯಿಂದ ಕೈಗೆ ಅಳೆಯುತ್ತ, ಅದು ಅವರ ದಿನನಿತ್ಯದ ಕೆಲಸ, ಯೋಚನೆಯೇ ಇಲ್ಲದೆ "ಹನ್ನೆರಡು" ಅಂದರು. ಅಂದವರ ಕೈ ಅಲ್ಲೇ ನಿಂತುಬಿಟ್ಟಿತು. ಬಾಯಿ ತೆರೆದೇ ಇತ್ತು. "ಅಯ್ಯೋ! ಹೆಚ್ಚಾಯ್ತಲ್ಲ ಟೀಚರ್!"

"ಏನು ಹೆಚ್ಚಾಯ್ತು? ದಾರಾನಾ?"

"ಇಲ್ಲ... ದಾರ ಅಷ್ಟೇ ಇದೆ." ಭಾವ ದಾರವನ್ನು ಬೆಳಕಿಗೆ ಹಿಡಿದರು. ಹೊಸದಾಗಿ ಕಂಡವರ ಹಾಗೆ ನೋಡಿದರು. "ಅದರೊಳಗೆ ಎಷ್ಟು ಅರ್ಧ ಇದೆ ಅಂತ ಕೇಳ್ತಿದೀರಿ! ಹಂಚೋದಲ್ಲ ಇದು. ಎಷ್ಟು ಹಿಡಿಸುತ್ತೆ ಅಂತ ಕೇಳೋದು!"

"ಮತ್ತೆ ಯಾಕೆ ತಿರುಗಿಸ್ತಾರೆ?"

"ಇರಿ ಇರಿ, ಹೇಳ್ಬೇಡಿ!" ಭಾವ ಕೈ ಅಡ್ಡ ಹಿಡಿದರು. "ಒಂದೊಂದು ಮೀಟರಿಗೆ ಎರಡೆರಡು ಅರ್ಧ. ಆರು ಮೀಟರಿಗೆ ಆರು ಎರಡ್ಲಿ... ಅದಕ್ಕೇ ಗುಣಿಸೋದು! ಅಯ್ಯೋ ದೇವರೇ, ಅದಕ್ಕೇ!"

ಅಷ್ಟರಲ್ಲಿ ಗಂಟೆ ಮೊಳಗಿತು. "ಅವಧಿ ಮುಗೀತು. ಪಾಠೋಪಕರಣ ಯಾವುದೂ ಬಳಸಿಲ್ಲ. ಬೋರ್ಡಿನ ಮೇಲೆ ಒಂದಕ್ಷರ ಇಲ್ಲ. ಉಪಕರಣಕ್ಕೆ ಸೊನ್ನೆ, ಬರವಣಿಗೆಗೆ ಸೊನ್ನೆ" ಎಂದರು ಹೆಡ್‌ಮಾಸ್ತರು. ಟೀಚರ ಮುಖ ಸಪ್ಪಗಾಯಿತು. ಮೇಜಿನ ಮೇಲಿದ್ದ ಫೋನಿನ ಕಡೆ ಒಮ್ಮೆ ನೋಡಿದರು. ಚಪ್ಪಲಿ ಅಂಗಡಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದಾರೆ ಎಂದು ನನಗೆ ಅನ್ನಿಸಿತು.

ಭಾವ ಇದಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಡೆಸ್ಕಿನಿಂದ ಮಂಡಿಗಳನ್ನು ಕಿತ್ತುಕೊಂಡು ಬಾಗಿಲಿಗೆ ಓಡಿದರು. ಪಡಸಾಲೆಯಲ್ಲಿ ಯಾರು ಸಿಕ್ಕರೆ ಅವರಿಗೆ ಹೇಳಬೇಕಲ್ಲ. ಅಲ್ಲಿ, ಹೊಸ ಅಂಗಿ ತೊಟ್ಟು, ಮಗನ ಜಯಭೇರಿ ಕೇಳಲು ಬೆಳಗಿನಿಂದ ಕಾದು ಕೂತಿದ್ದವರು ನಮ್ಮ ಮನೆಯ ಮಾಲೀಕರು!

"ಸಾರ್, ಅರ್ಥ ಆಯ್ತಾ?" ಎಂದು ಅವರು ಎದ್ದು ನಿಂತರು.

"ಆಯ್ತು! ಬನ್ನಿ ಹೇಳ್ತೀನಿ" ಎಂದು ಭಾವ ಅವರ ತೋಳು ಹಿಡಿದು ಒಳಗೇ ಎಳೆದುಕೊಂಡು ಬಂದರು. "ನಿಮ್ಮವು ಆರು ಮನೆ, ಅಲ್ವಾ?"

"ಹೌದು."

"ಒಂದು ಸಂಸಾರಕ್ಕೆ ಎರಡು ಮನೆ ಕೊಟ್ರೆ ಎಷ್ಟು ಬಾಡಿಗೆದಾರರು?"

"ಮೂರು. ಆದ್ರೆ ಹಾಗೆ ಯಾರ್ರೀ ಕೊಡ್ತಾರೆ?"

"ಒಂದೊಂದು ಮನೆ ಕೊಟ್ರೆ?"

"ಆರು. ಈಗ ಇರೋದೇ ಅಷ್ಟು."

"ಒಂದು ಸಂಸಾರಕ್ಕೆ ಅರ್ಧ ಮನೆ ಕೊಟ್ರೆ?"

ಮಾಲೀಕರ ಕಣ್ಣು ಮಿಂಚಿತು. "ಹನ್ನೆರಡು!"

"ಮನೆ ಹೆಚ್ಚಾಯ್ತಾ?"

"ಎಲ್ಲಿ ಹೆಚ್ಚುತ್ತೆ? ಬಾಡಿಗೆದಾರರು ಹೆಚ್ಚಿದ್ರು!"

"ಅದೇ ಆರನ್ನ ಅರ್ಧದಿಂದ ಭಾಗಿಸೋದು. ಒಂದೊಂದು ಮನೇಲೂ ಎರಡೆರಡು ಅರ್ಧ, ಅದಕ್ಕೇ ತಿರುಗಿಸಿ ಎರಡರಿಂದ ಗುಣಿಸೋದು."

ಮಾಲೀಕರು ಬೆರಳು ಮಡಚಿದರು, ಬಿಡಿಸಿದರು. ಆಮೇಲೆ ಕೋಣೆ ಅದುರುವ ಹಾಗೆ ಕೂಗಿದರು: "ಇಷ್ಟೇನಾ! ಅಲ್ರೀ, ಇಷ್ಟೇನಾ! ಇದೊಂದಕ್ಕೆ ನನ್ನನ್ನ ಹೊಡೆದು ಹೊಡೆದು ಶಾಲೆ ಬಿಡಿಸಿದ್ರಲ್ರೀ! ಆಗಲೇ ಹೀಗೆ ಹೇಳಿದ್ರೆ ನಾನೂ ನಾಲ್ಕಕ್ಷರ ಓದ್ತಿದ್ದೆ." ಅವರು ಮೇಡಂ ಕಡೆ ತಿರುಗಿ, "ತಾಯೀ, ಇವರಿಗೆ ಇದನ್ನ ಹೇಳಿಕೊಟ್ಟೋರು ಯಾರೇ ಆಗ್ಲಿ, ಅವರನ್ನ ಬಿಡ್ಬೇಡಿ. ಕೈಕಾಲು ಹಿಡಿದಾದ್ರೂ ಉಳಿಸ್ಕೊಳ್ಳಿ!" ಅಂದರು.

ಹಿಂದಿನ ಸಾಲಿನಿಂದ ಮಗ ಎದ್ದು ನಿಂತ. "ಅಪ್ಪಾ, ಅದು ನನ್ನ ಪಾಠ ಅಲ್ಲ. ಈ ಟೀಚರ್‌ದು."

ಮಾಲೀಕರು ಮಗನನ್ನು ನೋಡಿದರು, ಟೀಚರನ್ನು ನೋಡಿದರು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅದೇನು ಬಾಡಿಗೆ ಮನೆಯೇ?

"ಮತ್ತೆ ನೀನು?" ಅಂದರು ಕೊನೆಗೆ, ಮೆಲ್ಲಗೆ.

"ನನಗೂ ಅದು ಯಾಕೆ ಅಂತ ಈಗಲೇ ಗೊತ್ತಾಗಿದ್ದು ಅಪ್ಪ. ಪದಕ ಬಂದಾಗ್ಲೂ ಗೊತ್ತಿರ್ಲಿಲ್ಲ. ಯಾರೂ ಹೇಳಿರ್ಲಿಲ್ಲ." ಹುಡುಗ ಮೇಡಂ ಕಡೆ ನೋಡಿದ. "ಹೊಸಬರು ಒಳ್ಳೆ ಟೀಚರ್ ಪಕ್ಕದಲ್ಲಿ ಒಂದು ವರ್ಷ ಕಲೀಬೇಕು ಅಂತ ಇದೆಯಂತಲ್ಲ ಮೇಡಂ. ಕೆಲಸ ಆಮೇಲಾಯ್ತು, ನಾನು ಇವರ ಹತ್ರ ಕಲೀಬಹುದಾ?"

ಮೇಡಂ ಹೆಡ್‌ಮಾಸ್ತರತ್ತ ತಿರುಗಿದರು. ಅವರು ಗಂಟೆಯನ್ನು ಮೇಜಿನ ಕೆಳಗೆ ಇಟ್ಟು, ಸೊನ್ನೆಗಳ ಮೇಲೆ ತಾವೇ ಗೀಟು ಹಾಕುತ್ತಿದ್ದರು.

"ಈ ಕೆಲಸ ನಿಮ್ಮದು" ಎಂದರು ಮೇಡಂ ಟೀಚರಿಗೆ. "ಈಗ ಹೇಳಿ, ನೀವು ಬಿಟ್ಟುಹೋಗದೆ ಇರಬೇಕು ಅಂದ್ರೆ ನಾವೇನು ಮಾಡ್ಬೇಕು?"

"ಇದನ್ನ ಯಾರೂ ಕೇಳಿರ್ಲಿಲ್ಲ ಮೇಡಂ" ಎಂದರು ಟೀಚರ್. "ರಜೆ ಬಂದಾಗ ತೆಗೀಬೇಡಿ. ಪಾಠದ ಹೊತ್ತಲ್ಲಿ ಎಣಿಕೆ, ವರದಿ, ಮೀಟಿಂಗು ಅಂತ ಬೇರೆ ಕಡೆ ಓಡಿಸ್ಬೇಡಿ. ಮಕ್ಕಳ ಹತ್ರ ಇರೋಕೆ ಬಿಡಿ. ಅಷ್ಟು ಸಾಕು."

"ಬರ್ಕೊಳ್ಳಿ" ಅಂದರು ಮೇಡಂ ನನಗೆ. ನಾನು ಬರೆದುಕೊಂಡೆ. ಒಂದಕ್ಷರ ಸೇರಿಸಲಿಲ್ಲ, ಸೇರಿಸಬೇಕು ಅನ್ನಿಸಲೂ ಇಲ್ಲ.

ಕೆಲಸ ಸಿಕ್ಕಿದವರು ಕೈಮುಗಿಯುತ್ತಾರೆ, ಕಣ್ಣೊರೆಸಿಕೊಳ್ಳುತ್ತಾರೆ, ಮನೆಗೆ ಫೋನು ಮಾಡುತ್ತಾರೆ. ಈ ಟೀಚರ್ ಸೀಮೆಸುಣ್ಣ ಕೈಗೆತ್ತಿಕೊಂಡರು. "ಕೂತ್ಕೊಳ್ಳಿ ಎಲ್ಲಾರೂ. ಅರ್ಧ ಆಯ್ತು. ಮುಕ್ಕಾಲಿನಿಂದ ಭಾಗಿಸಿದ್ರೆ ಏನಾಗುತ್ತೆ ಅಂತ ನೋಡೋದು ಬಾಕಿ ಇದೆ."

ಭಾವ ಓಡಿಹೋಗಿ ಮುಂದಿನ ಬೆಂಚು ಹಿಡಿದರು. ಮಗನ ಪಕ್ಕದಲ್ಲಿ ಮಾಲೀಕರು ಕೂತರು. ಸೋತ ಅಭ್ಯರ್ಥಿಗಳೂ ಕೂತರು. ಹೆಡ್‌ಮಾಸ್ತರು, "ಸುಮ್ನೆ ನೋಡೋಣ ಅಂತ" ಎಂದು ಯಾರೂ ಕೇಳದಿದ್ದರೂ ವಿವರಣೆ ಕೊಟ್ಟು ಕೂತರು. ಟೀಚರ್ ಬೋರ್ಡಿನ ಮೇಲೆ ಗೆರೆ ಎಳೆಯುತ್ತಿದ್ದಂತೆ ಮೇಜಿನ ಮೇಲೆ ಅವರ ಫೋನು ಹೊಡೆದುಕೊಳ್ಳತೊಡಗಿತು. ಅವರಿಗೆ ಕೇಳಿಸಲೇ ಇಲ್ಲ. ಮೇಡಂ ಎತ್ತಿಕೊಂಡು ನೋಡಿದರು, ಚಪ್ಪಲಿ ಅಂಗಡಿ. "ಹಲೋ" ಅಂದರು.

"ಶ್!" ಎಂದು ಮಾಲೀಕರು ನಿರ್ದೇಶಕಿಯನ್ನು ಗದರಿದರು. "ಪಾಠ ನಡೀತಿದೆ, ಕಾಣಲ್ವಾ? ಮಾತಾಡೋದಿದ್ರೆ ಆಚೆ ಹೋಗಿ ಮಾತಾಡಿ!"

"ಕ್ಷಮಿಸಿ" ಎಂದು ಮೇಡಂ ಪಿಸುಗುಟ್ಟಿದರು. ತುದಿಗಾಲಿನಲ್ಲಿ ಹೊರಗೆ ಹೋಗಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು, ಪಡಸಾಲೆಯಲ್ಲಿ ನಿಂತು ಅಂಗಡಿಯವರಿಗೆ ಹೇಳಿದರು: "ಇಲ್ಲಪ್ಪ, ಅವರು ಬರೋಲ್ಲ. ಕ್ಲಾಸಲ್ಲಿದಾರೆ."